ಅವಸರವಿಲ್ಲದ ಮೊದಲ ಪಾಠ

ನಿಸರ್ಗವನ್ನು ನೆಚ್ಚಿದ ಶಾಲಾಪೂರ್ವ ಶಿಕ್ಷಣದಲ್ಲಿ ಎರಡು ಎಳೆಗಳಿವೆ. ಒಂದು, ಕಲಿಕೆಯ ಸಾಮಗ್ರಿ. ಮೂರರಿಂದ ಆರು ವರ್ಷದೊಳಗಿನ ಮಗು ಮಣ್ಣು, ನೀರು, ಎಲೆ, ಬೀಜ, ಹುಳು, ಹಕ್ಕಿಗಳನ್ನು ಮುಟ್ಟಿ, ಮೂಸಿ, ನೋಡಿ ಲೋಕವನ್ನು ಅರಿಯುತ್ತದೆ. ಇನ್ನೊಂದು, ವೇಗ. ಅಕ್ಷರ, ಅಂಕಿ, ಪರೀಕ್ಷೆಗಳ ತರಾತುರಿಯನ್ನು ಬದಿಗಿಟ್ಟು ಮಗುವಿನ ಮೈಮನಸ್ಸು ಬೆಳೆಯುವ ಹದಕ್ಕೆ ತಕ್ಕಂತೆ ದಿನವನ್ನು ಹೊಂದಿಸಲಾಗುತ್ತದೆ. ದೊಡ್ಡ ನಗರಗಳಲ್ಲಿ ಇಂಥ ಶಾಲೆಗಳು ದುಬಾರಿ ಶುಲ್ಕದ ಹೊಸ ಆಕರ್ಷಣೆಗಳಾಗಿ ಕಾಣಿಸಿಕೊಳ್ಳುತ್ತಿವೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಮನೆಯ ಹಿತ್ತಿಲಲ್ಲೇ ಇದೆ. ಕಪಿಲೆ (ಕಬಿನಿ) ಮತ್ತು ಕಾವೇರಿಯ ನೀರು, ನಾಲೆ ಬಯಲಿನ ಭತ್ತ, ಹಿಪ್ಪುನೇರಳೆ ತೋಟ, ಬಾಳೆ, ಹೊಂಗೆ, ಹುಣಸೆ, ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳು, ಎಲ್ಲವೂ ಕೈಯಳತೆಯಲ್ಲಿವೆ. ಕರ್ನಾಟಕದ ಅಂಗನವಾಡಿ ವ್ಯವಸ್ಥೆ ಮೊದಲು ಕಣ್ತೆರೆದದ್ದೂ ಇದೇ ಸೀಮೆಯಲ್ಲಿ.

ನೂರು ಅಂಗನವಾಡಿಗಳ ಆರಂಭ

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಪ್ರಾಯೋಗಿಕವಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದ ಆ ಮೊದಲ ಯೋಜನೆಗೆ ಆಯ್ಕೆಯಾದದ್ದು ತಿ. ನರಸೀಪುರ. ಸುಮಾರು 100 ಅಂಗನವಾಡಿಗಳೊಂದಿಗೆ ಅಲ್ಲಿ ಕೆಲಸ ಶುರುವಾಯಿತು. ಇಂದು ರಾಜ್ಯದಲ್ಲಿರುವ ಅಂಗನವಾಡಿ ಕೇಂದ್ರಗಳ ಸಂಖ್ಯೆ 65,000ಕ್ಕೂ ಹೆಚ್ಚು.

ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ ಮತ್ತು ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ, ಇವು ಯೋಜನೆಯ ಆರು ಸೇವೆಗಳು. ಜನರ ಕಣ್ಣಿಗೆ ಹೆಚ್ಚು ಬಿದ್ದದ್ದು ಆಹಾರ. ಅಂಗನವಾಡಿ ಎಂದರೆ ಮೊಟ್ಟೆ, ಹಾಲು, ಉಪ್ಪಿಟ್ಟು ಕೊಡುವ ಜಾಗ ಎಂಬ ಭಾವನೆ ಬೇರೂರಿದ್ದರಿಂದ ಆರನೆಯ ಸೇವೆ ಮರೆಯಲ್ಲೇ ಉಳಿಯಿತು. ಆದರೆ ಯೋಜನೆಯಲ್ಲಿದ್ದ ‘ಅನೌಪಚಾರಿಕ’ ಶಿಕ್ಷಣದ ಅರ್ಥ ಸ್ಪಷ್ಟವಾಗಿತ್ತು: ಪಾಠಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಆಟ, ಹಾಡು, ಕಥೆ, ಕೈಕೆಲಸಗಳ ಮೂಲಕವೇ ಕಲಿಕೆ. ರಾಜ್ಯದ ಅಂಗನವಾಡಿಗಳಿಗಾಗಿ ಸಿದ್ಧವಾದ ‘ಚಿಲಿಪಿಲಿ’ ಚಟುವಟಿಕೆಗಳೂ ಇದೇ ದಾರಿಯವು. ಇಂದು ನಿಸರ್ಗ ಶಾಲೆಗಳು ಹೇಳುವ ತತ್ವಕ್ಕೂ ಅಂಗನವಾಡಿಯ ಮೂಲ ಆಶಯಕ್ಕೂ ನಡುವೆ ದೂರ ಕಡಿಮೆ.

ಬೇರುಗಳು ಎಲ್ಲಿವೆ

ಮಕ್ಕಳನ್ನು ತೋಟದಲ್ಲಿ ಬೆಳೆಸಬೇಕೆಂಬ ವಿಚಾರಕ್ಕೆ ಆಧುನಿಕ ರೂಪ ಕೊಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೊಬೆಲ್. 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಮುಂದೆ ಕಿಂಡರ್‌ಗಾರ್ಟನ್ ಎನಿಸಿಕೊಂಡಿತು. ಅಲ್ಲಿ ಪ್ರತಿ ಮಗುವಿಗೂ ನೋಡಿಕೊಳ್ಳಲು ಒಂದು ಪಾತಿ ಇರಬೇಕೆಂಬುದು ಅವರ ಆಸೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದರು. 1914ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಸೋದರಿಯರು ಬಯಲು ಶಿಶುವಿಹಾರವನ್ನು ಕಟ್ಟಿದರು. ಕೊಳಗೇರಿಯ ಮಕ್ಕಳ ಆರೋಗ್ಯಕ್ಕೆ ಗಾಳಿ ಬೆಳಕೇ ಮೊದಲ ಮದ್ದು ಎಂಬುದು ಅವರ ನಂಬಿಕೆಯಾಗಿತ್ತು. ಕಾಡಿನಲ್ಲೇ ನಡೆಯುವ ಶಿಶುವಿಹಾರಗಳು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡೆನ್ಮಾರ್ಕ್‌ನಲ್ಲಿ ಹುಟ್ಟಿ, ಜರ್ಮನಿಯಲ್ಲಿ ನೂರಾರಾಗಿ ಹರಡಿದವು.

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರ ಒಡನಾಡಿ ತಾರಾಬಾಯಿ ಮೋಡಕ್ ಈ ಶಿಕ್ಷಣವನ್ನು ಹಳ್ಳಿಗೆ ಒಯ್ದರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೆರೆದು, ಮುಂದೆ ಅನುತಾಯಿ ವಾಘ್ ಅವರೊಂದಿಗೆ ಕೋಸ್ಬಾಡದ ಆದಿವಾಸಿಗಳ ನಡುವೆ ಕೆಲಸ ಮಾಡಿದರು. ಬೆಲೆಬಾಳುವ ಸಲಕರಣೆಗಳ ಜಾಗದಲ್ಲಿ ಕಡ್ಡಿ, ಬೀಜ, ಚಿಪ್ಪು, ಕಲ್ಲುಗಳನ್ನು ಬಳಸಿದರು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಿಕ್ಷಕಿಯೇ ಅವರ ಮನೆಯಂಗಳಕ್ಕೆ, ದನ ಮೇಯಿಸುವ ಹುಲ್ಲುಗಾವಲಿಗೆ ಹೋಗುತ್ತಿದ್ದಳು. ಅಂಗನವಾಡಿ ಎಂಬ ಕಲ್ಪನೆ ರೂಪು ತಳೆದದ್ದು ಹೀಗೆ.

ಕರ್ನಾಟಕಕ್ಕೂ ತನ್ನದೇ ಪರಂಪರೆಯಿದೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು; 1936ರಲ್ಲಿ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ವನ್ನು ಹೊರತಂದರು. ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ನೀಲ್‌ಬಾಗ್ ಶಾಲೆಯನ್ನು ತೆರೆದರು. ಪರೀಕ್ಷೆ, ಶಿಕ್ಷೆ, ಸ್ಪರ್ಧೆಗಳಿಲ್ಲದ ಆ ಹಳ್ಳಿ ಶಾಲೆಯಲ್ಲಿ ಬೇರೆಬೇರೆ ವಯಸ್ಸಿನವರು ಒಟ್ಟಿಗೆ ಕುಳಿತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಅಲ್ಲಿ ತರಬೇತಾದ ಶಿಕ್ಷಕರು ಆ ಕ್ರಮವನ್ನು ಬೇರೆಡೆಗೂ ಕೊಂಡೊಯ್ದರು. ನಂಜನಗೂಡಿನ ನೆರೆಯ ಚಾಮರಾಜನಗರದಲ್ಲಿ ಜಿ.ಎಸ್. ಜಯದೇವ ಅವರು ಕಟ್ಟಿದ ದೀನಬಂಧು ಸಂಸ್ಥೆಯ ಶಾಲೆಯೂ ಮಗುವಿನ ಕುತೂಹಲವನ್ನು ಕಲಿಕೆಯ ಬುನಾದಿಯಾಗಿ ಎಣಿಸುತ್ತದೆ.

ದಿನ ಹೇಗೆ ಸಾಗುತ್ತದೆ

ಗಂಟೆಗೊಂದು ವಿಷಯದ ವೇಳಾಪಟ್ಟಿ ಇಂಥ ಶಾಲೆಯಲ್ಲಿ ಇರುವುದಿಲ್ಲ. ಹಾಗೆಂದು ದಿನ ಅಡ್ಡಾದಿಡ್ಡಿಯಾಗಿಯೂ ಇರದು. ಒಂದೇ ಕ್ರಮ ದಿನವೂ ಮರಳಿ ಬರುತ್ತದೆ. ಬೆಳಿಗ್ಗೆ ಹಾಡು, ಮಾತುಕತೆ. ಬಳಿಕ ಬಯಲಿನಲ್ಲಿ ಮನಸೋ ಇಚ್ಛೆ ಆಟ. ಇದೇ ದಿನದ ಅತಿ ಉದ್ದದ ಹೊತ್ತು. ಅದಾದ ಮೇಲೆ ಕೈತೊಳೆದು ತಿಂಡಿ, ಗಿಡಕ್ಕೆ ನೀರು, ಒಂದು ಕೈಕೆಲಸ, ಊಟ, ಕಥೆ, ನಿದ್ದೆ. ಮುಂದೇನು ಎಂಬುದು ಗೊತ್ತಿರುವ ಮಗುವಿಗೆ ಗಾಬರಿಯಿರುವುದಿಲ್ಲ. ಗಾಬರಿಯಿಲ್ಲದ ಮಗು ಒಂದೇ ಕೆಲಸದಲ್ಲಿ ಹೆಚ್ಚು ಹೊತ್ತು ಮುಳುಗಬಲ್ಲದು.

ಮನೆಗೆಲಸವೂ ಇಲ್ಲಿ ಪಾಠವೇ. ಅವರೆಕಾಯಿ ಸುಲಿಯುವಾಗ ಬೆರಳುಗಳಿಗೆ ಬಲ ಬರುತ್ತದೆ, ಕಾಳು ಸಿಪ್ಪೆಗಳನ್ನು ಬೇರ್ಪಡಿಸುವಾಗ ವರ್ಗೀಕರಣ ನಡೆಯುತ್ತದೆ, ಕಾಳುಗಳನ್ನು ಹಂಚಿಕೊಳ್ಳುವಾಗ ಎಣಿಕೆ ಬರುತ್ತದೆ. ಮಣ್ಣು ನಾದುವುದು, ಚಪಾತಿ ಹಿಟ್ಟು ಉಂಡೆ ಕಟ್ಟುವುದು, ಹೂ ಪೋಣಿಸುವುದು, ರಂಗೋಲಿ ಚುಕ್ಕಿ ಇಡುವುದು, ಇವೆಲ್ಲ ಮುಂದೆ ಪೆನ್ಸಿಲ್ ಹಿಡಿಯುವ ಕೈಯನ್ನು ಅಣಿಗೊಳಿಸುತ್ತವೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯುವ ಹದ ಬಹುಪಾಲು ಮಕ್ಕಳಿಗೆ ಬರುವುದು ನಾಲ್ಕರಿಂದ ಆರು ವರ್ಷದ ನಡುವೆ. ಅದಕ್ಕೂ ಮೊದಲು ಪುಟಗಟ್ಟಲೆ ಅ ಆ ಇ ಈ ಬರೆಸಿದರೆ ಕೈ ನೋಯುತ್ತದೆಯೇ ಹೊರತು ಅಕ್ಷರ ದುಂಡಗಾಗುವುದಿಲ್ಲ.

ಗಣಿತಕ್ಕೆ ಮೈಸೂರು ಸೀಮೆಯ ಅಳಗುಳಿಮಣೆಗಿಂತ ಒಳ್ಳೆಯ ಸಲಕರಣೆ ಬೇಕಿಲ್ಲ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು, ಕೈತುಂಬ ಹುಣಸೆಬೀಜ. ಒಂದೊಂದೇ ಬೀಜವನ್ನು ಗುಳಿಗೆ ಹಾಕುತ್ತ ಹೋಗುವ ಮಗುವಿಗೆ ಒಂದಕ್ಕೊಂದು ಹೊಂದಾಣಿಕೆ, ಹೆಚ್ಚು ಕಡಿಮೆ, ಖಾಲಿ, ಸಮಪಾಲು ಎಲ್ಲವೂ ಕೈಗೆ ಗೊತ್ತಾಗುತ್ತದೆ. ಕುಂಟೆಬಿಲ್ಲೆ ಒಂಟಿಕಾಲಿನ ಸಮತೋಲ ಕಲಿಸುತ್ತದೆ. ಲಗೋರಿ ಕಣ್ಣು ಕೈಗಳನ್ನು ಜೋಡಿಸುತ್ತದೆ.

ಊರೇ ಪಠ್ಯ

ಈ ಸೀಮೆಯ ಅತ್ಯಂತ ಶ್ರೀಮಂತ ಪಾಠ ರೇಷ್ಮೆಹುಳುವಿನದು. ಮೈಸೂರು ರೇಷ್ಮೆ ಸೀರೆಗೆ ನೂಲು ಒದಗಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕಾರ್ಖಾನೆ ತಿ. ನರಸೀಪುರದಲ್ಲಿದೆ, ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರೆ. ಮೊಟ್ಟೆಯೊಡೆದು ಇರುವೆಯಷ್ಟು ಸಣ್ಣಗೆ ಹೊರಬರುವ ಹುಳು ಮೂರೂವರೆ ನಾಲ್ಕು ವಾರಗಳಲ್ಲಿ ಬೆರಳುದ್ದ ಬೆಳೆಯುತ್ತದೆ. ನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ರೈತರು ಇದಕ್ಕೆ ‘ಜ್ವರ’ಕ್ಕೆ ಕೂರುವುದು ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹೊಟ್ಟೆಬಾಕನಂತೆ ಮೇಯ್ದು, ‘ಹಣ್ಣಾಗಿ’, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಏರಿ, ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ನಾಲ್ಕು ವರ್ಷದ ಮಗು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಹಿಂಬಾಲಿಸಬಹುದಾದ ಜೀವನಚಕ್ರವಿದು. ಬೆಳವಣಿಗೆ, ಹಸಿವು, ವಿಶ್ರಾಂತಿ, ರೂಪಾಂತರ, ಎಲ್ಲ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ. ಹುಳುಮನೆಗೆ ಹೋಗುವ ಮೊದಲು ಕೈಕಾಲು ತೊಳೆಯಬೇಕು, ಗಲಾಟೆ ಮಾಡಬಾರದು ಎಂಬ ರೈತರ ಶಿಸ್ತು ಮಕ್ಕಳಿಗೂ ಹಾಗೆಯೇ ದಾಟುತ್ತದೆ.

ವರ್ಷದ ಋತುಗಳು ಉಳಿದ ಪಾಠಗಳನ್ನು ಸರದಿಯಂತೆ ತರುತ್ತವೆ. ಬೇಸಿಗೆಯ ಕೊನೆಗೆ ಮೊದಲ ಮಳೆಯ ಮಣ್ಣಿನ ವಾಸನೆ, ಗೆದ್ದಲು ರೆಕ್ಕೆ. ನಾಲೆಗೆ ನೀರು ಬಿಟ್ಟ ಮೇಲೆ ಒಟ್ಲು, ನಾಟಿ, ಕೆಸರು, ಕಪ್ಪೆಮರಿ. ನವರಾತ್ರಿಗೆ ಬೊಂಬೆ. ಹಿಮಗಾಲದಲ್ಲಿ ಅವರೆ, ಕೊಯ್ಲು, ಕಣ. ಸಂಕ್ರಾಂತಿಗೆ ಎಳ್ಳುಬೆಲ್ಲ, ಅಲಂಕರಿಸಿದ ದನಗಳು, ಕಿಚ್ಚು. ಆ ಬಳಿಕ ನಂಜನಗೂಡಿನ ದೊಡ್ಡ ಜಾತ್ರೆ. ಪಂಚ ಮಹಾರಥೋತ್ಸವದ ಐದು ತೇರುಗಳನ್ನು ಕಂಡ ಮಕ್ಕಳು ಮರುದಿನ ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ತಾವೇ ತೇರು ಎಳೆಯುತ್ತಾರೆ. ದೊಡ್ಡದು ಚಿಕ್ಕದು, ಮುಂದೆ ಹಿಂದೆ, ಭಾರ ಹಗುರ, ಇವೆಲ್ಲವೂ ಆ ಆಟದೊಳಗೆ ಬಂದುಹೋಗುತ್ತವೆ.

ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿಮಾಡುವ ಇವು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಹಾರುತ್ತವೆ. ಐದು ವರ್ಷದ ಮಗುವಿಗೆ ಭೂಪಟ ಅರ್ಥವಾಗದಿರಬಹುದು. ‘ಈ ಹಕ್ಕಿ ಹಿಮದ ಬೆಟ್ಟ ದಾಟಿ ನಮ್ಮೂರಿಗೆ ಬಂದಿದೆ’ ಎಂಬುದು ಅರ್ಥವಾಗುತ್ತದೆ. ನಂಜನಗೂಡು ರಸಬಾಳೆಯ ಕಥೆಯೂ ಹಾಗೆಯೇ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ತಳಿಯನ್ನು ಪನಾಮಾ ಸೊರಗು ರೋಗ ಬಹಳ ಮಟ್ಟಿಗೆ ಅಳಿಸಿಹಾಕಿತು. ಅಂಗನವಾಡಿಯ ಅಂಗಳದಲ್ಲಿ ಒಂದು ಬಾಳೆಕಂದು ನೆಟ್ಟು, ಹೊಸ ಎಲೆ ಸುರುಳಿ ಬಿಚ್ಚುವುದನ್ನು ದಿನವೂ ನೋಡುವ ಮಗುವಿಗೆ ಗಿಡಕ್ಕೂ ಕಾಯಿಲೆ ಬರುತ್ತದೆ, ಆರೈಕೆ ಬೇಕಾಗುತ್ತದೆ ಎಂಬ ತಿಳಿವು ಬೇಗ ಬರುತ್ತದೆ.

ನಿಧಾನದ ಹಿಂದಿನ ಕಾರಣ

ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಹೆಚ್ಚು ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಈ ಮಾತನ್ನು ಕೇಳಿದ ಕೆಲವು ಪೋಷಕರು, ಹಾಗಾದರೆ ಅಷ್ಟರೊಳಗೆ ಆದಷ್ಟನ್ನೂ ತುಂಬಿಬಿಡಬೇಕು ಎಂದುಕೊಳ್ಳುತ್ತಾರೆ. ಆದರೆ ಆ ವಯಸ್ಸಿನಲ್ಲಿ ಮಿದುಳು ಬೆಳೆಯುವುದು ಚಲನೆ, ಸ್ಪರ್ಶ, ಮಾತು, ಪ್ರೀತಿಯ ಒಡನಾಟಗಳಿಂದ. ಕುಳಿತಲ್ಲೇ ಕೂರಿಸುವ ಪಾಠ ಇವೆಲ್ಲಕ್ಕೂ ಕತ್ತರಿ ಹಾಕುತ್ತದೆ.

ಬೇಗ ಓದು ಕಲಿತರೆ ಮುಂದೆ ಲಾಭವಿದೆಯೇ ಎಂಬುದನ್ನು ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸಗೇಟ್ ಮತ್ತು ಸಂಗಡಿಗರು ಪರಿಶೀಲಿಸಿದರು. ಐದನೇ ವಯಸ್ಸಿಗೆ ಓದು ಆರಂಭಿಸಿದವರನ್ನೂ ಏಳಕ್ಕೆ ಆರಂಭಿಸಿದವರನ್ನೂ ಹೋಲಿಸಿದಾಗ, ಹನ್ನೊಂದರ ಹೊತ್ತಿಗೆ ಓದುವ ಸಾಮರ್ಥ್ಯದಲ್ಲಿ ಅಂತರ ಉಳಿದಿರಲಿಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1967ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನ, ಶಿಕ್ಷಕರು ಹೇಳಿಕೊಟ್ಟದ್ದನ್ನು ಒಪ್ಪಿಸುವ ಕ್ರಮವನ್ನೂ ಆಟದ ಕ್ರಮಗಳನ್ನೂ ಹೋಲಿಸಿತು. ಮಕ್ಕಳು 23 ವರ್ಷದವರಾದಾಗ, ಆಟದಿಂದ ಕಲಿತವರಲ್ಲಿ ಭಾವನಾತ್ಮಕ, ಸಾಮಾಜಿಕ ತೊಂದರೆಗಳು ಕಡಿಮೆಯಿದ್ದವು. ಅದರಲ್ಲಿದ್ದ ಮಕ್ಕಳ ಸಂಖ್ಯೆ ಚಿಕ್ಕದಾದ್ದರಿಂದ ಅದೊಂದನ್ನೇ ಕೊನೆಯ ಮಾತೆಂದು ತಿಳಿಯಬೇಕಿಲ್ಲ. ಆದರೂ ಅವಸರದಿಂದ ಶಾಶ್ವತ ಲಾಭವಿದೆ ಎಂಬ ನಂಬಿಕೆಗೆ ಇಂಥ ಅಧ್ಯಯನಗಳಲ್ಲಿ ಆಧಾರ ಸಿಗುವುದಿಲ್ಲ. ಫಿನ್ಲೆಂಡಿನಲ್ಲಿ ಇಂದಿಗೂ ಔಪಚಾರಿಕ ಶಾಲೆ ಶುರುವಾಗುವುದು ಏಳನೇ ವಯಸ್ಸಿಗೆ.

ಬಯಲಿನ ಲಾಭ ದೇಹಕ್ಕೂ ಇದೆ. ಚೀನಾದ ಗುವಾಂಗ್‌ಝೌನಲ್ಲಿ 6–7 ವರ್ಷದ ಶಾಲಾ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ಗಮನಿಸಲಾಯಿತು. ಈ ಮಕ್ಕಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ಆ ಪ್ರಮಾಣ ಶೇ 40ರ ಸಮೀಪವಿತ್ತು. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಫಿನ್ಲೆಂಡಿನಲ್ಲಿ 3–5 ವರ್ಷದ 75 ಮಕ್ಕಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನವೂ ಕುತೂಹಲಕಾರಿ. ಕೆಲವು ಶಿಶುಪಾಲನಾ ಕೇಂದ್ರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು, ಗಿಡಗಳನ್ನು ತಂದು ಹಾಸಲಾಯಿತು. 28 ದಿನಗಳಲ್ಲೇ ಅಲ್ಲಿ ಆಡಿದ ಮಕ್ಕಳ ಚರ್ಮ ಮತ್ತು ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಬದಲಾಗಿ, ರೋಗನಿರೋಧಕ ವ್ಯವಸ್ಥೆ ಉತ್ತಮಗೊಂಡ ಸೂಚನೆಗಳು ಕಂಡವು. ನಂಜನಗೂಡಿನ ಹಳ್ಳಿಯ ಮಗುವಿಗೆ ಮಣ್ಣನ್ನು ಹೊರಗಿನಿಂದ ತರಬೇಕಿಲ್ಲ. ಅಂಗಳಕ್ಕೆ ಸಿಮೆಂಟ್ ಬಳಿಯದೆ ಸ್ವಲ್ಪ ಜಾಗ ಬಿಟ್ಟರೆ ಸಾಕು.

ಪೋಷಕರು ಮೆಚ್ಚುವುದೇನನ್ನು

ಇಂಥ ಶಾಲೆಗೆ ಮಗುವನ್ನು ಕಳಿಸುವ ತಂದೆತಾಯಿಯ ಕಣ್ಣಿಗೆ ಮೊದಲು ಬೀಳುವ ಬದಲಾವಣೆ ಊಟ, ನಿದ್ದೆಗಳದು. ಬಯಲಲ್ಲಿ ದಣಿದ ಮಗುವಿಗೆ ಹಸಿವು ಹೆಚ್ಚು, ರಾತ್ರಿ ಮೊಬೈಲ್ ಇಲ್ಲದೆಯೂ ಕಣ್ಣು ಮುಚ್ಚುತ್ತದೆ. ಎರಡನೆಯದು ಬೆಳಗಿನ ಅಳು. ಶಾಲೆಗೆ ಹೊರಡುವ ಹೊತ್ತಿನ ರಚ್ಚೆ ನಿಂತು, ರಜೆಯ ದಿನವೂ ಟೀಚರಮ್ಮನ ನೆನಪಾಗತೊಡಗುತ್ತದೆ. ಮೂರನೆಯದು ಪ್ರಶ್ನೆಗಳು. ಹೊಂಗೆ ಹೂವು ಯಾಕೆ ಇಷ್ಟೊಂದು ಉದುರುತ್ತದೆ, ಇರುವೆ ಎಲ್ಲಿಗೆ ಹೋಗುತ್ತದೆ, ನೀರು ಕೆಂಪಾಗುವುದು ಏಕೆ ಎಂದು ಮಗು ಕೇಳುತ್ತದೆ. ಉತ್ತರ ಗೊತ್ತಿಲ್ಲದ ಅಪ್ಪ ಅಮ್ಮ ಅಜ್ಜಿಯನ್ನು ಕೇಳುತ್ತಾರೆ. ಹೊಲ, ದನ, ಮಳೆ ಬೆಳೆಗಳ ಬಗ್ಗೆ ಅಜ್ಜಿ ತಾತಂದಿರಿಗಿರುವ ತಿಳಿವಿಗೆ ಮನೆಯಲ್ಲಿ ಮತ್ತೆ ಬೆಲೆ ಬರುತ್ತದೆ.

ತಡವಾಗಿ ಕಾಣುವ ಗುಣಗಳೂ ಇವೆ. ಬಿದ್ದರೆ ತಾನೇ ಎದ್ದು ಧೂಳು ಕೊಡವಿಕೊಳ್ಳುವುದು, ಚಪ್ಪಲಿ ತಾನೇ ಹಾಕಿಕೊಳ್ಳುವುದು, ಸರದಿಗಾಗಿ ಕಾಯುವುದು, ಚಿಕ್ಕ ಮಗುವಿನ ಕೈಹಿಡಿದು ನಡೆಸುವುದು. ಇವುಗಳಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಒಂದನೇ ತರಗತಿಗೆ ಬೇಕಾದ ಸಿದ್ಧತೆ ಮಾತ್ರ ಬಹುಪಾಲು ಇವೇ.

ಮೆಚ್ಚುಗೆಯ ಜೊತೆಗೆ ಆತಂಕವೂ ಇರುತ್ತದೆ. ಪಕ್ಕದ ಮನೆಯ ಮಗು ಕಾನ್ವೆಂಟಿನಲ್ಲಿ ಎ ಬಿ ಸಿ ಡಿ ಒಪ್ಪಿಸುವಾಗ, ತಮ್ಮ ಮಗು ಬರೀ ಕಪ್ಪೆಯ ಕಥೆ ಹೇಳಿದರೆ ಹೆತ್ತವರ ಎದೆ ಡವಗುಟ್ಟುವುದು ಸಹಜ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿಯಲ್ಲಿ ದುಡಿಯಲು ಹೋಗುವವರಿಗೆ ಮಗುವಿನ ಓದೇ ಬಡತನ ದಾಟುವ ಏಣಿ. ಅವರ ಅವಸರವನ್ನು ಹಗುರಾಗಿ ಕಾಣುವಂತಿಲ್ಲ. ಒಳ್ಳೆಯ ಶಿಕ್ಷಕಿಯರು ಇದಕ್ಕೆ ವಾದದಲ್ಲಿ ಉತ್ತರ ಕೊಡುವುದಿಲ್ಲ. ಮಗು ಬಿಡಿಸಿದ ಚಿತ್ರ, ಹೇಳಿದ ಕಥೆ, ಕಟ್ಟಿದ ಮಣ್ಣಿನ ಮನೆಯನ್ನು ತೋರಿಸಿ, ಅದರೊಳಗೆ ಭಾಷೆ, ಲೆಕ್ಕ ಎಲ್ಲಿದೆ ಎಂದು ಬಿಡಿಸಿ ಹೇಳುತ್ತಾರೆ.

ಮನೆಮಾತಿನ ಬಲ

ನಿಧಾನದ ಶಿಕ್ಷಣ ನಿಂತಿರುವುದು ಮಾತಿನ ಮೇಲೆ. ಮಗು ಕಂಡದ್ದನ್ನು ಹೇಳಬೇಕಾದರೆ ಮನೆಮಾತೇ ಬೇಕು. ಹುಳು ‘ಜ್ವರಕ್ಕೆ ಕೂತಿದೆ’ ಎಂಬ ಮಾತಿನಲ್ಲಿರುವ ಅನುಭವ ಮಗುವಿಗೆ ಬೇರೆ ಭಾಷೆಯಲ್ಲಿ ಆ ವಯಸ್ಸಿಗೆ ದಕ್ಕದು. ಈ ಸೀಮೆಯ ಆಡುಮಾತಿನ ಕಸುವನ್ನು ಸಾಹಿತಿ ದೇವನೂರ ಮಹಾದೇವ ‘ಕುಸುಮಬಾಲೆ’ ಕಾದಂಬರಿಯಲ್ಲಿ ತೋರಿಸಿಕೊಟ್ಟಿದ್ದಾರೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ಅವರು, ಶಿಕ್ಷಣದಲ್ಲಿ ಕನ್ನಡ ಮಾಧ್ಯಮ ಜಾರಿಗೆ ಬಾರದ ಕಾರಣಕ್ಕೆ 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನು ನಿರಾಕರಿಸಿದರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತ ಮೇಲೆ ಆಯ್ಕೆಯ ಹೊಣೆ ಪೋಷಕರದೇ ಆಗಿದೆ. ಎಂಟು ವರ್ಷದವರೆಗೆ ಮನೆಮಾತಿನಲ್ಲೇ ಕಲಿಸುವುದು ಒಳ್ಳೆಯದು ಎಂಬುದು 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟಿನ ನಿಲುವು. ಇಂಗ್ಲಿಷ್ ಬೇಡವೆಂದು ಇದರ ಅರ್ಥವಾಗುವುದಿಲ್ಲ. ಹಾಡು, ಆಟಗಳಲ್ಲಿ ಅದು ಕಿವಿಗೆ ಬೀಳುತ್ತಿರಬಹುದು. ಬರವಣಿಗೆ, ಬಾಯಿಪಾಠಗಳ ಹೊರೆಯಾಗಿ ಬರಬಾರದು, ಅಷ್ಟೇ.

ನೀತಿ, ನಿಯಮ

ಚಿಕ್ಕ ಮಕ್ಕಳ ಮೇಲಿನ ಹೊರೆಯನ್ನು ದೇಶದ ಗಮನಕ್ಕೆ ತಂದವರಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ಒಬ್ಬರು. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಅವರು 1989ರಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಮಕ್ಕಳ ಬೆನ್ನಿನ ಪುಸ್ತಕದ ಚೀಲ. ಮುಂದೆ ನೇಮಕವಾದ ಯಶಪಾಲ್ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳನ್ನು ನಿಲ್ಲಿಸಬೇಕೆಂಬುದು ಅದರ ಶಿಫಾರಸುಗಳಲ್ಲೊಂದು.

2020ರ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ಕಂಡಿತು. ಅದರ ಬೆನ್ನಿಗೆ ಬಂದ 2022ರ ಚೌಕಟ್ಟು, ಆರು ವರ್ಷದೊಳಗಿನವರಿಗೆ ಪಾಠಪುಸ್ತಕ ಬೇಡ ಎಂದಿತು. ಶಾಲಾಪೂರ್ವ ಹಂತದಲ್ಲಿ ಲಿಖಿತ, ಮೌಖಿಕ ಪರೀಕ್ಷೆಗಳು ಸಲ್ಲವೆಂದು ಎನ್‌ಸಿಇಆರ್‌ಟಿ 2019ರಲ್ಲೇ ಹೇಳಿತ್ತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದಿಂದ 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಕೆಲವು ತಿಂಗಳ ಈ ಚೌಕಾಸಿ ಅವಸರ ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಹೇಳುತ್ತದೆ. ಆರು ತುಂಬಲು ಕಾಯುವ ವರ್ಷವನ್ನು ಪೋಷಕರು ‘ವೇಸ್ಟ್’ ಎನ್ನುತ್ತಾರೆ. ಮಗುವಿನ ಕಡೆಯಿಂದ ನೋಡಿದರೆ ಅದು ಇನ್ನೊಂದು ವರ್ಷದ ಆಟ.

ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ಕ್ರಮದ ವಿರುದ್ಧ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಪ್ರತಿಭಟಿಸಿದರು. ಮಕ್ಕಳು ಅತ್ತ ಹೋದರೆ ಅಂಗನವಾಡಿಗಳು ಬರಿದಾಗುತ್ತವೆ ಎಂಬುದು ಅವರ ಭಯ. ತರಗತಿಯ ಹೆಸರು ಏನಿದ್ದರೂ ಮಗುವಿಗೆ ಮುಖ್ಯವಾಗುವುದು ಅಲ್ಲಿ ನಡೆಯುವ ಕೆಲಸ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟು ವರ್ಷದವರೆಗೆ ಹಿಂಬಾಲಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದೂ ಇದೇ. ಸರ್ಕಾರಿ, ಖಾಸಗಿ ಎನ್ನದೆ ಹೆಚ್ಚಿನ ಕೇಂದ್ರಗಳ ಕಲಿಸುವ ಕ್ರಮ ಮಕ್ಕಳ ವಯಸ್ಸಿಗೆ ಒಗ್ಗುವಂತಿರಲಿಲ್ಲ.

ಎಚ್ಚರಗಳು, ಮಿತಿಗಳು

ಬಯಲೆಂದರೆ ಅಪಾಯವೂ ಇದೆ. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ಕಪಿಲೆ ನುಗ್ಗುತ್ತದೆ. 2018 ಮತ್ತು 2019ರ ಮಳೆಗಾಲಗಳು ಅದಕ್ಕೆ ಸಾಕ್ಷಿ. ಸ್ನಾನಘಟ್ಟ, ನಾಲೆ, ಕೃಷಿಹೊಂಡಗಳ ಬಳಿಗೆ ಈ ವಯಸ್ಸಿನ ಮಕ್ಕಳನ್ನು ಗುಂಪಾಗಿ ಒಯ್ಯಬಾರದು. ನೀರಿನಾಟಕ್ಕೆ ಅಂಗಳದ ಬಕೆಟ್, ಬೋಸಿಗಳೇ ಸಾಕು. ಔಷಧಿ ಹೊಡೆದ ಹೊಲಕ್ಕೆ ಹಲವು ದಿನ ಕಾಲಿಡಬಾರದು. ಹರಳು, ದತ್ತೂರ, ಕಣಗಿಲೆಗಳು ವಿಷದ ಗಿಡಗಳು. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಹೆಸರಿನಲ್ಲೇ ಇರುವ ಗುಲಗಂಜಿಯಂತೂ ಮಕ್ಕಳನ್ನು ಸೆಳೆಯುವ ಕೆಂಪುಕಪ್ಪು ಬೀಜ. ಅಗಿದರೆ ಅದು ಪ್ರಾಣಕ್ಕೇ ಎರವು; ಎಣಿಕೆಯಾಟಕ್ಕೆ ಅದನ್ನು ಎಂದೂ ಬಳಸಬಾರದು. ಹುಲ್ಲು ಬೆಳೆದ ಮೂಲೆ, ಕಲ್ಲುರಾಶಿಗಳಲ್ಲಿ ಹಾವು ಚೇಳುಗಳಿರಬಹುದೆಂದು ದಿನವೂ ಬೆಳಿಗ್ಗೆ ಅಂಗಳ ನೋಡಿಕೊಳ್ಳಬೇಕು. ಮಾರ್ಚ್ ಬಳಿಕ ಬಿಸಿಲೇರುವ ಮೊದಲೇ ಆಟ ಮುಗಿಯಬೇಕು.

ವ್ಯವಸ್ಥೆಯ ಮಿತಿ ಇನ್ನೂ ದೊಡ್ಡದು. ಅಂಗನವಾಡಿಗೆ ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅಡುಗೆ, ತೂಕ, ಲಸಿಕೆ, ಸಮೀಕ್ಷೆ, ಮೊಬೈಲ್ ಆ್ಯಪ್‌ಗೆ ಮಾಹಿತಿ ತುಂಬುವುದು, ಎಲ್ಲವೂ ಇವರಿಬ್ಬರ ಹೆಗಲ ಮೇಲೆ. ಇಪ್ಪತ್ತು ಮಕ್ಕಳನ್ನು ಹೊರಗೆ ಕರೆದೊಯ್ಯಲು ಆಕೆಗೆ ಮೊದಲು ಬೇಕಾದದ್ದು ಬಿಡುವು. ಬಾಡಿಗೆ ಕೋಣೆಯಲ್ಲಿ ನಡೆಯುವ ಕೇಂದ್ರಕ್ಕೆ ಅಂಗಳವೇ ಇರುವುದಿಲ್ಲ. ಇತ್ತ ಖಾಸಗಿ ನಿಸರ್ಗ ಶಾಲೆಗಳ ಶುಲ್ಕ ಕೂಲಿಕಾರರ ಕೈಗೆಟುಕುವುದಿಲ್ಲ. ಬಣ್ಣದ ಫಲಕದಲ್ಲಿ ಮರ ಬಿಡಿಸಿ, ಒಳಗೆ ಹಾಳೆಗಟ್ಟಲೆ ಬರೆಸುವ ಶಾಲೆಗಳೂ ಇಲ್ಲದಿಲ್ಲ.

ಆರಿಸುವಾಗ ನೋಡಬೇಕಾದದ್ದು

ಶಾಲೆಯನ್ನು ಆರಿಸುವ ಪೋಷಕರು ಕಟ್ಟಡವನ್ನು ನೋಡುವ ಬದಲು ಅರ್ಧ ದಿನ ಅಲ್ಲಿ ಕುಳಿತು ನೋಡುವುದು ಒಳ್ಳೆಯದು. ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತಾರೆ? ಹೆಚ್ಚು ಮಾತಾಡುವವರು ಮಕ್ಕಳೋ ಶಿಕ್ಷಕಿಯೋ? ಅಳುವ ಮಗುವನ್ನು ಯಾರು, ಹೇಗೆ ಸಮಾಧಾನ ಮಾಡುತ್ತಾರೆ? ನೀರು, ಶೌಚಾಲಯ ಶುಚಿಯಾಗಿವೆಯೇ? ಬಯಲಿಗೆ ಹೋದಾಗ ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರಿರುತ್ತಾರೆ? ಅಂಗವೈಕಲ್ಯವಿರುವ ಮಗು ಆಟದಲ್ಲಿ ಪಾಲ್ಗೊಳ್ಳಬಹುದೇ? ನಾಲ್ಕು ವರ್ಷದವರಿಗೆ ಹೋಂವರ್ಕ್ ಇದೆಯೇ? ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಉಳಿದ ಭರವಸೆಗಳನ್ನು ಅನುಮಾನದಿಂದಲೇ ನೋಡಬೇಕು.

ಊರಿನ ಅಂಗನವಾಡಿಯನ್ನೇ ಇಂಥ ಶಾಲೆಯಾಗಿಸುವುದಕ್ಕೂ ದಾರಿಗಳಿವೆ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿಯಿದೆ, ಅದರಲ್ಲಿ ತಾಯಂದಿರಿಗೆ ಸ್ಥಾನವಿದೆ. ಸಮಿತಿ ಗ್ರಾಮ ಪಂಚಾಯಿತಿಯ ನೆರವಿನಿಂದ ಬೇಲಿ, ನೆರಳಿನ ಮರ, ಮರಳಿನ ಗುಂಡಿ, ಕೈತೋಟಗಳನ್ನು ಕೇಳಿ ಪಡೆಯಬಹುದು. ರೇಷ್ಮೆ ಬೆಳೆಗಾರರು ತಿಂಗಳಿಗೊಮ್ಮೆ ಹುಳುಮನೆಯ ಬಾಗಿಲು ತೆರೆಯಬಹುದು. ಅಜ್ಜಿಯರು ವಾರಕ್ಕೊಮ್ಮೆ ಬಂದು ಕಥೆ ಹೇಳಬಹುದು. ದಾಖಲೆ ತುಂಬುವ ಹೊರೆಯಿಂದ ಕಾರ್ಯಕರ್ತೆಗೆ ದಿನಕ್ಕೆ ಎರಡು ಗಂಟೆಯಾದರೂ ಬಿಡುಗಡೆ ಕೊಡಿಸುವುದು ಇಲಾಖೆ ಮಾಡಬೇಕಾದ ಕೆಲಸ. ‘ಇವತ್ತು ಏನು ಬರೆಸಿದರು’ ಎಂದು ಮಗುವನ್ನು ಕೇಳುವ ಅಭ್ಯಾಸ ಬಿಟ್ಟು ‘ಇವತ್ತು ಏನು ನೋಡಿದೆ’ ಎಂದು ಕೇಳುವುದು ಪೋಷಕರಿಂದ ಆಗಬೇಕಾದದ್ದು. ಇದಕ್ಕೆ ಹಣವಾಗಲಿ ಆದೇಶವಾಗಲಿ ಬೇಕಿಲ್ಲ.